ಅಳತೆ ಸರಿಯಿದ್ದರೆ ತಾನೆ ಕೊಸರು

ಪ್ರಶ್ನೆ: ನಾವು ಹೊಸನಗರ ತಾಲೂಕಿನವರು. ಮೂರು ಎಕರೆ ಅಡಿಕೆ ತೋಟ ಇದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ನೋಡಿಕೊಳ್ಳುತ್ತಿದ್ದೇವೆ. ಹದಿನೆಂಟು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿರುವ ಒಬ್ಬರು ಎರಡು ಸುಗ್ಗಿಯಿಂದ ಒಣಗಿದ ಅಡಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಸಾಗಿಸಿದ್ದಾರೆ. ಒಟ್ಟು ಮೂರು ಕ್ವಿಂಟಲ್ ಆಗಬಹುದು. ಈ ಸಲ ಸಿಕ್ಕಿಬಿದ್ದರು. ಹೆಂಡತಿಯ ಆಪರೇಷನ್‌ಗೆ ಸಾಲ ಮಾಡಿದ್ದೆ, ಸಂಘದ ವಾರದ ಕಂತು ಕಟ್ಟಲಾಗಲಿಲ್ಲ ಅಂತ ಅಂಗಳದಲ್ಲಿ ಕೂತು ಅತ್ತರು. ಅವರೂ ನಮ್ಮ ಚರ್ಚಿನವರೇ. ಹೋದ ವರ್ಷ ಅಡಿಕೆ ಕಡಿಮೆಯಾದಾಗ ಇನ್ನೊಬ್ಬ ಹುಡುಗನ ಮೇಲೆ ಅನುಮಾನಪಟ್ಟು ಬಿಡಿಸಿದ್ದೆವು, ಅವನು ಈಗ ಕೊಪ್ಪದ ಕಡೆ ಕಾಫಿ ತೋಟದಲ್ಲಿದ್ದಾನಂತೆ. ಫಾದರ್ ಕ್ಷಮಿಸಿ ಅಂತಾರೆ. ಅಣ್ಣ ಕಂಪ್ಲೇಂಟ್ ಕೊಡೋಣ ಅಂತಾನೆ, ಸುಮ್ನೆ ಬಿಟ್ಟರೆ ಉಳಿದ ಕೆಲಸದವರು ಏನು ಕಲಿಯುತ್ತಾರೆ ಅಂತ ಕೇಳುತ್ತಾನೆ. ದೇವರು ನ್ಯಾಯವಂತ ಅಂತಲೂ ಹೇಳುತ್ತೇವೆ, ಕರುಣಾಮಯಿ ಅಂತಲೂ ಹೇಳುತ್ತೇವೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ನಾನು ಯಾವುದನ್ನು ಹಿಡಿಯಲಿ?

ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಣ್ಣು ಒಂದೇ ಸಾಲಿನಲ್ಲಿ ನಿಂತಿತು. ಕೆಲಸ ಬಿಡಿಸಿದ ಆ ಹುಡುಗನ ಸಾಲು. ಅಡಿಕೆ ಎಷ್ಟು ಹೋಯಿತು, ಫಾದರ್ ಏನಂದರು, ಅಣ್ಣ ಏನಂದರು, ಎಲ್ಲ ಬಿಡಿಸಿ ಬರೆದಿದ್ದೀರಿ. ಅವನಿಗೆ ಸಿಕ್ಕಿದ್ದು ಒಂದೇ ಸಾಲು. ನಿಮ್ಮನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಮನಸ್ಸು ನೊಂದಾಗ ಎದುರಿಗೆ ಅಳುತ್ತಾ ಕೂತವರು ಕಾಣುತ್ತಾರೆ, ದೂರ ಹೋದವರು ಕಾಣುವುದಿಲ್ಲ. ಎಲ್ಲರಿಗೂ ಹಾಗೇ. ಆದರೆ ನೀವು ಕೇಳಿದ ದೊಡ್ಡ ಪ್ರಶ್ನೆಗೆ ಬೀಗದ ಕೈ ಇರುವುದು ಅವನ ಹತ್ತಿರ.

ನಾನು ಬಹಳ ವರ್ಷ ಕ್ರೈಸ್ತ ನೀತಿಶಾಸ್ತ್ರ ಪಾಠ ಮಾಡಿದವನು. ಆದರೂ ನ್ಯಾಯ, ಕರುಣೆ ಅಂದಾಗ ನನಗೆ ಮೊದಲು ನೆನಪಾಗುವುದು ಪುಸ್ತಕ ಅಲ್ಲ, ನಮ್ಮ ಅಜ್ಜಿ. ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿದ್ದರು. ಕೆಲಸದವರಿಗೆ ಅಕ್ಕಿ ಅಳೆದು ಕೊಡುವುದು ಅವರದೇ ಜವಾಬ್ದಾರಿ. ಸೇರಿಗೆ ಅಕ್ಕಿ ತುಂಬಿ, ಅಂಗೈ ಅಡ್ಡ ಇಟ್ಟು ಮೇಲೆ ಗೀರುತ್ತಿದ್ದರು. ಬಾಯಲ್ಲಿ ಎಣಿಕೆ. ಮೊದಲನೆಯ ಸೇರಿಗೆ ‘ಲಾಭ’, ಆಮೇಲೆ ಎರಡು, ಮೂರು. ಲೆಕ್ಕ ಮುಗಿದ ಮೇಲೆ ಸೇರು ಕೆಳಗಿಟ್ಟು, ಎರಡೂ ಕೈ ಸೇರಿಸಿ ಒಂದು ಬೊಗಸೆ ತುಂಬಿ ಚೀಲಕ್ಕೆ ಸುರಿಯುತ್ತಿದ್ದರು. ಅದು ಕೊಸರು. ಹೇಗೂ ಬೊಗಸೆ ತುಂಬಾ ಕೊಡ್ತೀಯಲ್ಲ ಅಜ್ಜಿ, ಮತ್ತೆ ಸೇರು ಗೀರೋದು ಯಾಕೆ ಅಂತ ಒಂದು ಸಲ ಕೇಳಿದ್ದೆ. ‘ಸೇರಲ್ಲಿರೋದು ಅವರದ್ದು, ಬೊಗಸೇಲಿರೋದು ನಂದು. ಎರಡನ್ನೂ ಕಲಸಬಾರದು’ ಅಂದರು.

ಮುಂದೆ ಎಷ್ಟೋ ವರ್ಷಗಳಾದ ಮೇಲೆ ಸಂತ ಥಾಮಸ್ ಅಕ್ವಿನಾಸ್ ಬರೆದ ಒಂದು ಗ್ರಂಥ ಓದುವಾಗ ಅಜ್ಜಿಯ ಕೈ ಕಣ್ಣ ಮುಂದೆ ಬಂತು. ಅಕ್ವಿನಾಸ್ 13ನೇ ಶತಮಾನದ ಕ್ರೈಸ್ತ ಧರ್ಮಪಂಡಿತರು. ದೇವರು ಕರುಣೆ ತೋರಿಸಿದರೆ ನ್ಯಾಯ ಬಿಟ್ಟ ಹಾಗಾಗುವುದಿಲ್ಲವೇ ಎಂಬ ನಿಮ್ಮದೇ ಪ್ರಶ್ನೆಯನ್ನು ಅವರು ಎತ್ತಿಕೊಳ್ಳುತ್ತಾರೆ. ಕೊಡುವ ಉದಾಹರಣೆ ತೀರಾ ಸರಳ. ಒಬ್ಬನಿಗೆ ನೂರು ದೆನಾರಿ ನಾಣ್ಯ ಕೊಡಬೇಕಿದೆ. ಅವನಿಗೆ ತನ್ನ ಕೈಯಿಂದ ಇನ್ನೂರು ಕೊಟ್ಟರೆ ನ್ಯಾಯಕ್ಕೆ ಏನೂ ಕುಂದಾಗಲಿಲ್ಲ. ನೂರು ಸಲ್ಲಿತು, ಮೇಲಿನ ನೂರು ಔದಾರ್ಯ. ತನಗೆ ಆದ ತಪ್ಪನ್ನು ಕ್ಷಮಿಸುವುದೂ ಹಾಗೇ, ಅದೂ ಒಂದು ದಾನ ಎನ್ನುತ್ತಾರೆ ಅಕ್ವಿನಾಸ್. ಕರುಣೆ ನ್ಯಾಯವನ್ನು ಕೆಡಿಸುವುದಿಲ್ಲ, ಅದನ್ನು ತುಂಬಿಸುತ್ತದೆ ಎಂಬುದು ಅವರ ತೀರ್ಮಾನ.

ಇಲ್ಲಿ ‘ತನ್ನ ಕೈಯಿಂದ’, ‘ತನಗೆ ಆದ’ ಎಂಬ ಮಾತುಗಳ ಮೇಲೆ ಬೆರಳಿಡಿ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅಕ್ವಿನಾಸ್ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತಾರೆ. ನ್ಯಾಯಾಧೀಶನೊಬ್ಬ ಇನ್ನೊಬ್ಬರ ಮೇಲೆ ನಡೆದ ಅಪರಾಧವನ್ನು ಶಿಕ್ಷೆಯಿಲ್ಲದೆ ಬಿಟ್ಟುಬಿಡುವ ಹಾಗಿಲ್ಲ. ಯಾಕೆಂದರೆ ಅವನು ಕಾಯುತ್ತಿರುವುದು ಬೇರೆಯವರ ಹಕ್ಕನ್ನು. ಆದರೆ ತನ್ನ ಮೇಲೆ ನಡೆದದ್ದನ್ನು ಯಾರು ಬೇಕಾದರೂ ಬಿಡಬಹುದು. ಅದಕ್ಕೆ ಅನ್ಯಾಯ ಎನ್ನುವವರಿಲ್ಲ.

ಈಗ ನಿಮ್ಮ ಅಂಗಳಕ್ಕೆ ಬನ್ನಿ. ಹೋದ ಮೂರು ಕ್ವಿಂಟಲ್ ಅಡಿಕೆ ನಿಮ್ಮದು, ನಿಮ್ಮ ಅಣ್ಣನದು. ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಅಟ್ಟದಲ್ಲಿ ಒಣಗಿಸಿದ ಶ್ರಮ ನಿಮಗೆ ಗೊತ್ತು. ಅದನ್ನು ಬಿಡುತ್ತೇವೆ ಅಂದರೆ ಬಿಡಬಹುದು. ಅದು ನಿಮ್ಮ ಬೊಗಸೆ. ಹುಡುಗನ ಹೆಸರು ಹೋಯಿತಲ್ಲ, ಅದು ಯಾರದು? ಕಳ್ಳ ಅನ್ನಿಸಿಕೊಂಡು ಬಸ್ಸು ಹತ್ತಿದವನು ಅವನು. ಊರಿನ ಅಂಗಡಿಯಲ್ಲಿ ಅವನ ಅಮ್ಮ ತಲೆ ತಗ್ಗಿಸಿ ನಿಂತಿರುತ್ತಾರೆ. ಅದನ್ನು ಕ್ಷಮಿಸುವ ಅಧಿಕಾರ ನಿಮಗಿಲ್ಲ, ಅಣ್ಣನಿಗಿಲ್ಲ, ಫಾದರ್‌ಗೂ ಇಲ್ಲ. ಅದು ಅವನ ಸೇರು.

ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ವಿದ್ಯಾರ್ಥಿ ನಿಲಯದ ಜವಾಬ್ದಾರಿ ನನ್ನ ಮೇಲಿತ್ತು. ದೊಡ್ಡ ಹುಡುಗನೊಬ್ಬ ಚಿಕ್ಕವನಿಗೆ ಹೊಡೆದಿದ್ದ. ಹೊಡೆದವನು ರಾತ್ರಿ ನನ್ನ ಕೋಣೆಗೆ ಬಂದು ಕಾಲಿಗೆ ಬಿದ್ದ. ಅಪ್ಪನಿಗೆ ಗೊತ್ತಾದರೆ ಓದು ಬಿಡಿಸುತ್ತಾರೆ ಸಾರ್ ಅಂದ. ನನ್ನ ಮನಸ್ಸು ಕರಗಿತು. ಹೋಗು, ಇನ್ನು ಮಾಡಬೇಡ ಅಂದೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು, ಯೇಸು ಸ್ವಾಮಿ ಹೇಳಿದ ಹಾಗೆ ನಡೆದೆ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಪೆಟ್ಟು ತಿಂದ ಹುಡುಗನ ಅಪ್ಪ ಬಂದರು. ಹುಡುಗ ಹಸಿರು ಬಣ್ಣದ ತಗಡಿನ ಟ್ರಂಕನ್ನು ತಾನೇ ಎಳೆದುಕೊಂಡು ಮೆಟ್ಟಿಲಿಳಿದ. ಒಂದೊಂದು ಮೆಟ್ಟಿಲಿಗೂ ಅದು ಧಡ್ ಧಡ್ ಅಂತಿತ್ತು. ‘ನನ್ನನ್ನ ಒಂದು ಮಾತು ಕೇಳಲಿಲ್ಲ ಸಾರ್ ನೀವು’ ಅಂದ. ಅಷ್ಟೇ. ಅವನ ನೋವನ್ನು ಅವನಿಗೆ ಹೇಳದೆ ನಾನು ದಾನ ಮಾಡಿಬಿಟ್ಟಿದ್ದೆ.

ನಿಮ್ಮ ಅಣ್ಣನ ಮಾತನ್ನು ಕಲ್ಲು ಮನಸ್ಸಿನ ಮಾತು ಅಂತ ತಳ್ಳಿಹಾಕಬೇಡಿ. ಅವರ ಬೆನ್ನಿಗೆ ದೊಡ್ಡವರು ನಿಂತಿದ್ದಾರೆ. 1098ರ ಹೊತ್ತಿಗೆ ಕ್ಯಾಂಟರ್ಬರಿಯ ಸಂತ ಆನ್ಸೆಲ್ಮ್ ಇದನ್ನೇ ಕೇಳಿದರು. ದೇವರು ಬರೀ ಕರುಣೆಯಿಂದ, ಏನೂ ತೀರಿಸದೆ ಪಾಪವನ್ನು ಬಿಟ್ಟುಬಿಟ್ಟರೆ ಪಾಪ ಮಾಡಿದವನೂ ಮಾಡದವನೂ ದೇವರ ಮುಂದೆ ಒಂದೇ ಆಗಿಬಿಡುತ್ತಾರಲ್ಲ, ಅದು ಸರಿಯೇ ಅಂತ. ಉಳಿದ ಕೆಲಸದವರು ಏನು ಕಲಿಯುತ್ತಾರೆ ಅಂತ ಅಣ್ಣ ಕೇಳಿದ್ದು ಇದೇ ಪ್ರಶ್ನೆ. ಹದಿನೆಂಟು ವರ್ಷ ಒಂದು ಅಡಿಕೆಯನ್ನೂ ಮುಟ್ಟದೆ ದುಡಿದವರು ನಿಮ್ಮಲ್ಲಿ ಇನ್ನೂ ಇರಬಹುದು. ಅವರ ಮನೆಯಲ್ಲೂ ಕಾಯಿಲೆ ಬಂದಿರುತ್ತದೆ. ಅವರು ನೋಡುತ್ತಿದ್ದಾರೆ.

ತಪ್ಪಿಹೋದ ಮಗನ ಕಥೆ ಕೇಳಿದ್ದೀರಿ. ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯ. ಕಿರಿ ಮಗ ಪಾಲು ತೆಗೆದುಕೊಂಡು ಹೋಗಿ ಎಲ್ಲ ಕಳೆದು ವಾಪಸ್ ಬರುತ್ತಾನೆ. ಅವನಿಗೆ ಔತಣ ಮಾಡಿಸಿದ್ದಕ್ಕೆ ಹಿರಿ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಪ್ರಸಂಗಗಳಲ್ಲಿ ಹಿರಿ ಮಗನಿಗೆ ಯಾವಾಗಲೂ ಬೈಗುಳ. ನನಗೆ ಅದು ಸರಿ ಕಾಣುವುದಿಲ್ಲ. ಕಥೆಯಲ್ಲಿ ಅಪ್ಪ ಅವನಿಗೆ ಬೈಯುವುದೇ ಇಲ್ಲ. ಕಿರಿಯವನಿಗಾಗಿ ಓಡಿಹೋದ ಹಾಗೆ ಹಿರಿಯವನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ‘ನನ್ನದೆಲ್ಲ ನಿನ್ನದೇ’ ಅನ್ನುತ್ತಾನೆ. ಇದು ಬರೀ ಸಮಾಧಾನದ ಮಾತಲ್ಲ, ಲೆಕ್ಕದ ಮಾತು. ಕಥೆಯ ಮೊದಲಲ್ಲೇ ಆಸ್ತಿ ಇಬ್ಬರಿಗೂ ಪಾಲಾಗಿದೆ. ಹಳೆಯ ಒಡಂಬಡಿಕೆಯ ಕಾನೂನಿನಲ್ಲಿ ಹಿರಿಯವನಿಗೆ ಎರಡು ಪಾಲು, ಅಂದರೆ ಮೂರರಲ್ಲಿ ಎರಡು. ವಾಪಸ್ ಬಂದವನಿಗೆ ಅಪ್ಪ ನಿಲುವಂಗಿ ಕೊಟ್ಟ, ಉಂಗುರ ಕೊಟ್ಟ, ಕಾಲಿಗೆ ಮೆಟ್ಟು ಕೊಟ್ಟ, ಔತಣ ಮಾಡಿಸಿದ. ಮತ್ತೊಮ್ಮೆ ಪಾಲು ಮಾಡಿದ ಅಂತ ಎಲ್ಲೂ ಇಲ್ಲ. ನಮ್ಮ ಮಲೆನಾಡಿನಲ್ಲಿ ಪಾಲುಪಟ್ಟಿ ಮಾಡಿ ನೋಡಿದವರಿಗೆ ಈ ವಿವರ ತಟ್ಟನೆ ಅರ್ಥವಾಗುತ್ತದೆ. ಕಿರಿಯವನನ್ನು ಅಪ್ಪಿಕೊಳ್ಳಲು ಹಿರಿಯವನ ಬೇಲಿ ಕಿತ್ತಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಕೊಸರಿನ ಹೋಲಿಕೆ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಮೊದಲು ಅಳತೆ, ಆಮೇಲೆ ಕೊಸರು ಅನ್ನುವುದು ಅಂಗಡಿಗೆ ಸರಿ. ಮನುಷ್ಯರ ಮನಸ್ಸಿನಲ್ಲಿ ಎಷ್ಟೋ ಸಲ ಕರುಣೆಯೇ ಮೊದಲು ಬರಬೇಕಾಗುತ್ತದೆ.

7ನೇ ಶತಮಾನದಲ್ಲಿ ಐಸಾಕ್ ಎಂಬ ಸಂತರಿದ್ದರು. ಹುಟ್ಟಿದ್ದು ಈಗಿನ ಕತಾರ್ ಇರುವ ಸೀಮೆಯಲ್ಲಿ, ಬಿಷಪ್ ಆದದ್ದು ಈಗಿನ ಇರಾಕಿನ ನಿನೆವೆಯಲ್ಲಿ, ಬರೆದದ್ದು ಸಿರಿಯಾಕ್ ಭಾಷೆಯಲ್ಲಿ. ಕೇರಳದಿಂದ ಬಂದು ನಮ್ಮ ಕಡೆ ರಬ್ಬರ್ ತೋಟ ಮಾಡಿದ ಸಿರಿಯನ್ ಕ್ರೈಸ್ತರು ಇದ್ದಾರಲ್ಲ, ಅವರ ಹಳೆಯ ಪೂಜಾಭಾಷೆಯೂ ಅದೇ. ಐಸಾಕರ ಮಾತು ಕೇಳಿದರೆ ಬೆಚ್ಚಿಬೀಳಬೇಕು. ಒಂದೇ ಆತ್ಮದಲ್ಲಿ ಕರುಣೆಯನ್ನೂ ಕಟ್ಟುನಿಟ್ಟಿನ ನ್ಯಾಯವನ್ನೂ ಇಟ್ಟುಕೊಳ್ಳುವುದು ಒಂದೇ ಮನೆಯಲ್ಲಿ ದೇವರನ್ನೂ ವಿಗ್ರಹವನ್ನೂ ಪೂಜಿಸಿದ ಹಾಗೆ ಅನ್ನುತ್ತಾರೆ. ದೇವರನ್ನು ನ್ಯಾಯವಂತ ಅಂತ ಕರೆಯಬೇಡಿ, ನಿಮ್ಮ ವಿಷಯದಲ್ಲಿ ಅವನ ನ್ಯಾಯ ಎಲ್ಲಿ ಕಂಡಿತು ಅಂತ ಕೇಳುತ್ತಾರೆ. ಇದಕ್ಕೆ ಅವರು ತೋರಿಸುವುದು ಯೇಸು ಹೇಳಿದ ದ್ರಾಕ್ಷಿ ತೋಟದ ಕೂಲಿಗಳ ಕಥೆಯನ್ನು. ಸಂಜೆ ಐದಕ್ಕೆ ಬಂದವನಿಗೂ ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಒಂದೇ ಕೂಲಿ.

ಐಸಾಕರ ಬಗ್ಗೆ ಹೇಳುವ ಒಂದು ಕಥೆ ಇದೆ. ಬಿಷಪ್ ಆದ ಹೊಸತರಲ್ಲಿ ಸಾಲ ಕೊಟ್ಟವನೂ ಸಾಲಗಾರನೂ ಜಗಳ ತಂದರು. ಇವತ್ತೇ ಹಣ ಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇನೆ ಅಂತ ಕೊಟ್ಟವನು. ಶುಭಸಂದೇಶ ಹೇಳುವ ಪ್ರಕಾರ ನೀನು ಬಿಟ್ಟೇಬಿಡಬೇಕಿತ್ತು, ಒಂದು ದಿನವಾದರೂ ಕೊಡು ಅಂದರು ಐಸಾಕ್. ‘ಶುಭಸಂದೇಶ ಈಗ ಪಕ್ಕಕ್ಕಿಡಿ’ ಅಂದ ಅವನು. ಅದು ಪಕ್ಕಕ್ಕೆ ಹೋದರೆ ಇಲ್ಲಿ ನನಗೇನು ಕೆಲಸ ಅಂತ ಐಸಾಕ್ ಪದವಿ ಬಿಟ್ಟು ಬೆಟ್ಟ ಸೇರಿದರಂತೆ. ಬಿಷಪ್ ಆಗಿ ಇದ್ದದ್ದು ಐದು ತಿಂಗಳು.

ಐಸಾಕರನ್ನು ಓದಿದಾಗೆಲ್ಲ ನನಗೆ ಒಳಗೆ ಅಲುಗಾಡುತ್ತದೆ. ಪೂರ್ತಿ ಒಪ್ಪಲು ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಒಪ್ಪದಿರಲು ಕಾರಣ ಆ ಹಸಿರು ಟ್ರಂಕು. ಬಿಡಲಾಗದ ಕಾರಣ ಬೈಬಲಿನಲ್ಲಿ ಬರುವ ಜಕ್ಕಾಯ.

ಜಕ್ಕಾಯ ಜೆರಿಕೋ ಊರಿನ ತೆರಿಗೆ ವಸೂಲಿಯವರ ಮುಖ್ಯಸ್ಥ. ಜನರಿಂದ ಕಿತ್ತು ಕಿತ್ತು ಶ್ರೀಮಂತನಾದವನು. ಗಿಡ್ಡ ಆಳು, ಯೇಸುವನ್ನು ನೋಡಲು ಅತ್ತಿಮರ ಹತ್ತಿದ್ದ. ಯೇಸು ಮರದ ಕೆಳಗೆ ನಿಂತು ಏನು ಹೇಳಬೇಕಿತ್ತು? ಕದ್ದದ್ದನ್ನು ವಾಪಸ್ ಮಾಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಅಂತ ಅಲ್ವಾ? ಹಾಗೆ ಹೇಳಲಿಲ್ಲ. ಬೇಗ ಇಳಿದು ಬಾ, ಇವತ್ತು ನಾನು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಊರೆಲ್ಲ ಗೊಣಗಿತು. ಆಗ ಜಕ್ಕಾಯ ಎದ್ದು ನಿಂತು ತಾನಾಗಿಯೇ ಹೇಳುತ್ತಾನೆ: ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದ ಅನ್ಯಾಯವಾಗಿ ಕಿತ್ತಿದ್ದೇನೋ ಅವರಿಗೆ 4 ಪಟ್ಟು ವಾಪಸ್. ಹಳೆಯ ಕಾನೂನಿನಲ್ಲಿ ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ 4 ಪಟ್ಟು ದಂಡ. ಜಕ್ಕಾಯ ಯಾರೂ ಕೇಳದೆ ಆ ದಂಡವನ್ನು ತನಗೆ ತಾನೇ ಹಾಕಿಕೊಂಡ. ಕರುಣೆ ಮೊದಲು ಅವನ ಮನೆಗೆ ಊಟಕ್ಕೆ ಬಂತು. ನ್ಯಾಯ ಅವನ ಬಾಯಿಂದಲೇ ಹೊರಟಿತು. ಪೊಲೀಸ್ ಸ್ಟೇಷನ್ನಿನ ಬೆಂಚು ಅಷ್ಟು ಕೆಲಸ ಮಾಡುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಹಾಗಾಗಿ ಫಾದರ್ ಹೇಳಿದ್ದೂ ಸರಿ. ಆದರೆ ಅರ್ಧಕ್ಕೇ ನಿಂತಿತು. ಕ್ಷಮಿಸಿ ಅಂದರು, ಸರಿ. ಆ ಮನುಷ್ಯನಿಗೆ ಏನು ಹೇಳಿದರು? ಸುಮಾರು 1600 ವರ್ಷದ ಹಿಂದೆ ಉತ್ತರ ಆಫ್ರಿಕಾದಲ್ಲಿ ಇದೇ ವಾದ ನಡೆದಿತ್ತು. ಮ್ಯಾಸಿಡೋನಿಯಸ್ ಎಂಬ ದೊಡ್ಡ ಅಧಿಕಾರಿ ಹಿಪ್ಪೋದ ಬಿಷಪ್ ಸಂತ ಅಗಸ್ಟೀನರಿಗೆ ಕಾಗದ ಬರೆದ. ಅಪರಾಧಿಗಳ ಪರವಾಗಿ ನೀವು ಬಿಷಪ್‌ಗಳು ಯಾಕೆ ಬೇಡಿಕೊಳ್ಳುತ್ತೀರಿ, ಇದು ಧರ್ಮವೇ ಅಂತ ಅವನ ಪ್ರಶ್ನೆ. ಅಗಸ್ಟೀನ್ ಉದ್ದವಾದ ಉತ್ತರ ಬರೆದರು. ನಾವು ತಪ್ಪನ್ನು ಮೆಚ್ಚುವುದಿಲ್ಲ, ಮನುಷ್ಯ ತಿದ್ದಿಕೊಳ್ಳಲು ಕಾಲ ಕೇಳುತ್ತೇವೆ ಅಂದರು. ಅದೇ ಕಾಗದದಲ್ಲಿ, ಕರುಣೆಗಾಗಿ ಬೇಡುತ್ತಿರುವ ಅದೇ ಕೈಯಲ್ಲಿ, ಇನ್ನೊಂದು ಮಾತನ್ನೂ ಬರೆದರು: ಕದ್ದದ್ದನ್ನು ವಾಪಸ್ ಕೊಡಲು ಆಗುವಾಗ ಕೊಡದಿದ್ದರೆ ಅದು ಪಶ್ಚಾತ್ತಾಪ ಅಲ್ಲ, ಪಶ್ಚಾತ್ತಾಪದ ನಟನೆ. ಇದು ಮುಂದೆ ಕಥೋಲಿಕ ಸಭೆಯ ನಿಯಮವೇ ಆಯಿತು. 1992ರಲ್ಲಿ ಬಂದ ಧರ್ಮೋಪದೇಶ ಗ್ರಂಥದಲ್ಲೂ ಪಾಪನಿವೇದನೆಯ ಬಗ್ಗೆ ಹೇಳುವಾಗ ಎರಡು ಉದಾಹರಣೆ ಒಟ್ಟಿಗೇ ಬರುತ್ತವೆ. ಕದ್ದ ವಸ್ತುವನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು. ನಿಮ್ಮ ಮನೆಯಲ್ಲಿ ನಡೆದದ್ದೂ ಇದೇ ಎರಡು.

ಆ ಮನುಷ್ಯ ಅಡಿಕೆ ಕದ್ದದ್ದಕ್ಕಿಂತ ದೊಡ್ಡ ತಪ್ಪು ಹೋದ ವರ್ಷ ನಡೆಯಿತು. ಹುಡುಗನಿಗೆ ನೀವು ಲೆಕ್ಕ ಕೊಟ್ಟು ಕಳಿಸುವಾಗ ಅವರು ಅಲ್ಲೇ ಇದ್ದಿರಬೇಕು. ಸುಮ್ಮನಿದ್ದರು. ಬಡತನದ ಕಳ್ಳತನವನ್ನು ಕ್ರೈಸ್ತ ಪರಂಪರೆ ತುಂಬಾ ಮೆತ್ತಗೆ ನೋಡುತ್ತದೆ. ಪ್ರಾಣಕ್ಕೇ ಸಂಚಕಾರ ಬಂದಂಥ ಕೊರತೆಯಲ್ಲಿ ಇನ್ನೊಬ್ಬರದ್ದನ್ನು ತೆಗೆದುಕೊಂಡರೆ ಅದನ್ನು ಕಳ್ಳತನ ಅನ್ನಲಾಗದು ಅಂತಲೇ ಅಕ್ವಿನಾಸ್ ಬರೆದಿದ್ದಾರೆ. ಆದರೆ ತನ್ನ ತಪ್ಪು ಇನ್ನೊಬ್ಬನ ತಲೆಗೆ ಬೀಳುವುದನ್ನು ನೋಡುತ್ತಾ ನಿಲ್ಲುವುದಕ್ಕೆ ಆ ವಿನಾಯಿತಿ ಇಲ್ಲ.

ಕಂಪ್ಲೇಂಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕ್ಷಮಿಸಿದವರು ಪೊಲೀಸರ ಹತ್ತಿರ ಹೋಗಲೇಬಾರದು ಎಂಬ ನಿಯಮ ಕ್ರೈಸ್ತ ನೀತಿಯಲ್ಲಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಮಕ್ಕಳಿಗೆ 10 ಮತ್ತು 6 ವರ್ಷ. ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಎಲ್ಲರೆದುರು ಕ್ಷಮಿಸಿದ್ದೇನೆ ಅಂದರು. ಕೋರ್ಟು ತನ್ನ ಕೆಲಸ ಮಾಡಿತು. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆ, 2005ರಲ್ಲಿ ಹೈಕೋರ್ಟಿನಲ್ಲಿ ಅದು ಜೀವಾವಧಿ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ತಾಯಿ ತನ್ನ ಎದೆಯಲ್ಲಿದ್ದುದನ್ನು ಬಿಟ್ಟುಕೊಟ್ಟರು. ಕೊಲೆ ಇಡೀ ಸಮಾಜದ ಮೇಲಿನ ಅಪರಾಧ. ಅದನ್ನು ಬಿಡುವುದು ಅವರ ಕೈಯಲ್ಲಿರಲಿಲ್ಲ. ನಿಮ್ಮ ಪ್ರಕರಣ ಬೇರೆ. ಕೆಲಸದವರು ಮಾಡಿದ ಕಳ್ಳತನವನ್ನು ಮಾಲೀಕರು ಒಪ್ಪಿದರೆ ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಕೊಲೆಯನ್ನು ಹಾಗೆ ಮಾಡಲು ಬರುವುದಿಲ್ಲ. ಅಕ್ವಿನಾಸ್ ಹೇಳಿದ ಭೇದವನ್ನು ನಮ್ಮ ಕಾನೂನೂ ಒಪ್ಪಿಕೊಂಡ ಹಾಗಾಯಿತು. ನನ್ನನ್ನು ಕೇಳಿದರೆ, ಅವರು ತಪ್ಪು ಒಪ್ಪಿ ಸರಿಮಾಡಲು ತಯಾರಿದ್ದರೆ ಕಂಪ್ಲೇಂಟ್ ಬೇಡ. ಹುಡುಗನ ವಿಷಯ ಮುಚ್ಚಿಹಾಕಲು ನೋಡಿದರೆ ಅಣ್ಣ ಹೇಳಿದ್ದೇ ಸರಿ.

ಇನ್ನು ನಿಮಗೆ ಸ್ವಲ್ಪ ಕಷ್ಟವಾಗುವ ಮಾತು. ಹದಿನೆಂಟು ವರ್ಷ ನಿಮ್ಮ ತೋಟದಲ್ಲಿದ್ದ ಮನುಷ್ಯ ಹೆಂಡತಿಯ ಆಪರೇಷನ್‌ಗೆ ಸಂಘದ ಸಾಲ ಮಾಡಿದರು, ನಿಮ್ಮನ್ನು ಕೇಳಲಿಲ್ಲ. ಯಾಕೆ? ಸಂಕೋಚ ಇರಬಹುದು. ಕೇಳಿ ಇಲ್ಲ ಅನ್ನಿಸಿಕೊಂಡಿದ್ದೂ ಇರಬಹುದು. ಅವರಿಗೆ ಕೊಡುತ್ತಿರುವ ಸಂಬಳ ಈಗಿನ ಖರ್ಚಿಗೆ ಸಾಲುತ್ತದೆಯೇ? ನಮ್ಮ ಕಾಗೋಡು ಸತ್ಯಾಗ್ರಹ ನೆನಪು ಮಾಡಿಕೊಳ್ಳಿ. 1951ರಲ್ಲಿ ಸಾಗರ ತಾಲೂಕಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಸಲುವಾಗಿ. ಕೊಳಗ ದೊಡ್ಡದಾಯಿತು, ಸರಿಯಾದ ಅಳತೆಯಲ್ಲಿ ಅಳೆಯಿರಿ ಅಂತ ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆ ಒಡೆಯರಲ್ಲಿ ಹಬ್ಬಕ್ಕೆ ಕರೆದು ಊಟ ಹಾಕಿದವರೂ ಇದ್ದಿರಬಹುದು, ಕಾಯಿಲೆಗೆ ಔಷಧಿ ಕೊಡಿಸಿದವರೂ ಇದ್ದಿರಬಹುದು. ಒಕ್ಕಲು ಮಕ್ಕಳು ಕೇಳಿದ್ದು ಊಟವನ್ನಲ್ಲ, ಕೊಳಗವನ್ನು. ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ತಕ್ಕಡಿ, ತೂಕ, ಅಳತೆ ನ್ಯಾಯವಾಗಿರಲಿ ಅಂತ ಆಜ್ಞೆ ಇದೆ. ಲೂಕನ 6ನೇ ಅಧ್ಯಾಯದಲ್ಲಿ, ನಿಮ್ಮ ತಂದೆಯ ಹಾಗೆ ಕರುಣೆಯುಳ್ಳವರಾಗಿ ಎಂದ ಬೆನ್ನಿಗೇ, ಜಡಿದು ಅಲ್ಲಾಡಿಸಿ ಹೊರಗೆ ಚೆಲ್ಲುವ ಹಾಗೆ ಅಳೆದು ನಿಮ್ಮ ಮಡಿಲಿಗೆ ಹಾಕುವರು ಎಂಬ ಮಾತಿದೆ. ನ್ಯಾಯದ ಮಾತಿಗೂ ಕರುಣೆಯ ಮಾತಿಗೂ ಒಂದೇ ಅಳತೆಯ ಪಾತ್ರೆ. ನಿಮ್ಮ ಮನೆಯ ಕೊಳಗ ಸರಿಯಿದೆಯೇ ಅಂತ ಅಣ್ಣ ತಂಗಿ ಕೂತು ಒಮ್ಮೆ ನೋಡಿ. ಇದರಿಂದ ಕಳ್ಳತನ ಸರಿ ಅಂತಾಗುವುದಿಲ್ಲ. ಅವರ ಮುಂದೆ ಕೂತು ಮಾತಾಡುವಾಗ ನಿಮ್ಮ ದನಿ ಬೇರೆಯಾಗುತ್ತದೆ, ಅಷ್ಟೇ.

ಎರಡೂ ಒಟ್ಟಿಗೆ ಹೇಗೆ ಅಂತ ಕೇಳಿದ್ದಿರಿ, ದೇವರ ನ್ಯಾಯ ಮತ್ತು ಕರುಣೆ. ಇದಕ್ಕೆ ನಾನು ಕಂಡ ಮಟ್ಟಿನ ಉತ್ತರ ಇದು. ತಪ್ಪಿಹೋದ ಮಗನನ್ನು ಅಪ್ಪ ದೂರದಿಂದ ನೋಡಿದ ಅನ್ನುವಲ್ಲಿ ಗ್ರೀಕ್ ಮೂಲದಲ್ಲಿ ಇರುವ ಕ್ರಿಯಾಪದ ಕರುಳು ಎಂಬ ಪದದಿಂದ ಹುಟ್ಟಿದ್ದು. ನಾವು ಕರುಳು ಚುರುಕ್ ಅಂತು ಅನ್ನುತ್ತೇವಲ್ಲ, ಅದೇ. ದೇವರಿಗೆ ಇಬ್ಬರೂ ಮಕ್ಕಳು. ಕದ್ದವನನ್ನು ನೋಡಿದರೂ ಕರುಳು ಚುರುಕ್ ಅನ್ನುತ್ತದೆ, ಕಳ್ಳ ಅನ್ನಿಸಿಕೊಂಡವನನ್ನು ನೋಡಿದರೂ ಅನ್ನುತ್ತದೆ. ಎರಡನೆಯವನಿಗಾಗಿ ಮಿಡಿಯುವ ಕರುಳನ್ನೇ ನಾವು ನ್ಯಾಯ ಅಂತ ಕರೆಯುತ್ತೇವೆ. ನಮಗೆ ಒಬ್ಬರ ಕಡೆ ಮುಖ ಮಾಡಿದರೆ ಇನ್ನೊಬ್ಬರಿಗೆ ಬೆನ್ನಾಗುತ್ತದೆ. ಅದಕ್ಕೇ ನಮಗೆ ಇದು ಎರಡಾಗಿ ಕಾಣುತ್ತದೆ ಅಂತ ನನ್ನ ನಂಬಿಕೆ.

ಮಾಡಬೇಕಾದ್ದು ಹೇಳುತ್ತೇನೆ. ಅಡಿಕೆ ಹಣ ಒಂದು ಲಕ್ಷದ ಮೇಲಾಗುತ್ತದೆ. ಪೂರ್ತಿ ಬಿಡುತ್ತೀರೋ, ಅರ್ಧ ಬಿಡುತ್ತೀರೋ, ನೀವಿಬ್ಬರೂ ಒಪ್ಪಿ ತೀರ್ಮಾನಿಸಿ. ಅಣ್ಣನ ಪಾಲನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ. ವಾಪಸ್ ಕೊಡುವುದಾದರೆ ಸಂಬಳದಲ್ಲಿ ಹೊಟ್ಟೆಗೆ ಕಷ್ಟವಾಗದಷ್ಟು ಹಿಡಿಯಿರಿ. ಒಂದೇ ಸಲಕ್ಕೆ ತೀರಿಸಲಾಗದವನು ಕೊಟ್ಟವರ ಹತ್ತಿರ ಕಾಲಾವಕಾಶವನ್ನೋ ಮಾಫಿಯನ್ನೋ ಕೇಳಬೇಕು ಅಂತ ಅಕ್ವಿನಾಸರೂ ಬರೆದಿದ್ದಾರೆ. ಅವರೇ ಬಾಯಿಬಿಟ್ಟು ಕೇಳಲಿ. ಕೇಳುವುದೂ ತೀರಿಸುವುದರ ಒಂದು ಭಾಗ. ಮಂಡಿಗೆ ಹೋಗುವ ಅಡಿಕೆ ಚೀಲಗಳ ಲೆಕ್ಕ ಸದ್ಯಕ್ಕೆ ಬೇರೆಯವರ ಕೈಗೆ ಕೊಡಿ. ಕ್ಷಮಿಸಿದ ಮಾತ್ರಕ್ಕೆ ಬೀಗದ ಕೈ ಮತ್ತೆ ಕೊಡಬೇಕಿಲ್ಲ, ಅವರಿಗೂ ಅದು ಒಳ್ಳೆಯದು.

ಇದಕ್ಕೆಲ್ಲ ಮೊದಲು ಕೊಪ್ಪಕ್ಕೆ ಹೋಗಬೇಕು. ಬಲಿಪೀಠಕ್ಕೆ ಕಾಣಿಕೆ ತಂದಾಗ ನಿನ್ನ ಮೇಲೆ ಯಾರಿಗೋ ಬೇಸರವಿದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಅಂತ ಯೇಸು ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಫೋನಿನಲ್ಲಿ ಬೇಡ. ನೀವು, ಅಣ್ಣ, ಆ ಮನುಷ್ಯ, ಮೂವರೂ ಹೋಗಿ. ಹುಡುಗನ ಹತ್ತಿರ ಮೊದಲು ಅವರು ಮಾತಾಡಲಿ, ಆಮೇಲೆ ನೀವು. ಪರಿಸ್ಥಿತಿ ಹಾಗಿತ್ತು ಅಂತ ಸಮರ್ಥನೆ ಬೇಡ. ನಿನ್ನ ಮೇಲೆ ಸುಳ್ಳು ಹೊರಿಸಿದೆವು ಅನ್ನಿ. ಕೆಲಸವಿಲ್ಲದೆ ಕಳೆದ ದಿನಗಳ ಕೂಲಿ ಲೆಕ್ಕ ಹಾಕಿ ತೆಗೆದುಕೊಂಡು ಹೋಗಿ, ಅದರ ಮೇಲೆ ನಿಮಗೆ ತೋಚಿದ್ದನ್ನು ಸೇರಿಸಿ. ವಾಪಸ್ ಬಾ ಅಂತ ಕರೆಯಿರಿ, ಬರಲಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಅವನು ಕ್ಷಮಿಸದೆಯೂ ಇರಬಹುದು. ಅದು ಅವನಿಗೆ ಬಿಟ್ಟದ್ದು.

ಆಮೇಲೆ ಊರಿಗೆ ಬಂದು, ಯಾರ ಯಾರ ಮುಂದೆ ಅವನ ಮೇಲೆ ಅನುಮಾನದ ಮಾತಾಡಿದ್ದಿರೋ ಅವರ ಮುಂದೆಲ್ಲ ನಿಜ ಹೇಳಿ. ಮೊದಲು ಅವನ ಅಮ್ಮನ ಮನೆಗೆ ಹೋಗಿ.